ತೀರ್ಥಹಳ್ಳಿ ಟ್ರಂಕಿನ ಹನ್ನೊಂದು ಟೇಪು

ಫೋನ್ ಮಾಡಿದ್ದು ಶಿವಮೊಗ್ಗದ ಒಂದು ವಾರಪತ್ರಿಕೆಯ ಸಂಪಾದಕರು. "ಹಳೇ ಸಂಚಿಕೆ ಎಲ್ಲ ಹೋಯ್ತು ಮಾರಾಯ" ಅಂದರು. ಅವರ ಕಚೇರಿಯಲ್ಲಿ ನಾಲ್ಕು ಡಿಸ್ಕಿನ ಒಂದು ಸ್ಟೋರೇಜ್ ಡಬ್ಬಿ ಇತ್ತು, ರೇಯ್ಡ್ 5. ಅದರಲ್ಲಿ ಒಂದು ಡಿಸ್ಕ್ ಸತ್ತು ಎಷ್ಟೋ ತಿಂಗಳಾಗಿತ್ತಂತೆ. ಕೆಂಪು ದೀಪ ಉರಿಯುತ್ತಲೇ ಇತ್ತು, ಯಾರೂ ಕೇಳಿರಲಿಲ್ಲ. "ಅದು ಮುಂಚಿಂದಲೂ ಕೆಂಪೇ ಅಲ್ವಾ ಸಾರ್?" ಅಂತ ಪುಟ ಕಟ್ಟುವ ಹುಡುಗ ಕೇಳಿದ. ರೇಯ್ಡ್ 5 ಒಂದು ಡಿಸ್ಕ್ ಹೋದರೆ ತಡೆದುಕೊಳ್ಳುತ್ತದೆ. ಆ ವಾರ ಎರಡನೆಯದೂ ಹೋಗಿತ್ತು.

ಈಚಿನ ವರ್ಷಗಳ ಪುಟಗಳು ಹುಡುಗರ ಕಂಪ್ಯೂಟರಿನಲ್ಲೂ ಮೇಲ್‌ನಲ್ಲೂ ಸಿಕ್ಕವು. ಹೋದದ್ದು 2006ರಿಂದ 2012ರವರೆಗಿನದು. ಪುಟಗಳು, ಫೋಟೊ ಸ್ಕ್ಯಾನುಗಳು, ದೀಪಾವಳಿ ವಿಶೇಷಾಂಕಗಳು. ಡಿಸ್ಕುಗಳನ್ನು ಡೇಟಾ ರಿಕವರಿ ಲ್ಯಾಬಿಗೆ ಕಳಿಸಿದರೆ ಎಷ್ಟಾಗುತ್ತದೆ ಅಂತ ವಿಚಾರಿಸಿ, ಮೊತ್ತ ಕೇಳಿ ಇಬ್ಬರೂ ಸುಮ್ಮನಾದೆವು. ಆಮೇಲೆ ಅವರೇ ನೆನಪು ಮಾಡಿಕೊಂಡು ಹೇಳಿದರು: "ಆಗ ಒಬ್ಬ ಹುಡುಗ ಇದ್ದ. ವಾರಕ್ಕೊಂದು ಕ್ಯಾಸೆಟ್ ಮಾಡಿ ಅಕ್ಕನ ಮನೆಗೆ ಕಳಿಸ್ತಿದ್ದ. ಅದೆಲ್ಲ ಇನ್ನೂ ಇರಬಹುದು."

ಅಕ್ಕನ ಮನೆ ತೀರ್ಥಹಳ್ಳಿ ಹತ್ತಿರ. ಶಿವಮೊಗ್ಗದಿಂದ ಸುಮಾರು 60 ಕಿಲೋಮೀಟರ್. ಸೋಮವಾರ ರಾತ್ರಿ ಬ್ಯಾಕಪ್, ಮಂಗಳವಾರ ಬೆಳಿಗ್ಗೆ ಟೇಪನ್ನು ಪೇಪರಿನಲ್ಲಿ ಸುತ್ತಿ ಬಸ್ಸಿನ ಕಂಡಕ್ಟರ್ ಕೈಗೆ. ಅದೇ ಬಸ್ಸು ವಾಪಸ್ ಬರುವಾಗ ಎಲ್ಲಕ್ಕಿಂತ ಹಳೆಯ ಟೇಪ್ ತರುತ್ತಿತ್ತು. ಬೆಂಗಳೂರಿನ ಕಂಪನಿಗಳು ಇದನ್ನೇ ಬೀಗ ಹಾಕಿದ ವ್ಯಾನಿನಲ್ಲಿ, ಸಹಿ ಹಾಕಿಸಿಕೊಂಡು ಮಾಡುತ್ತವೆ. ಮಲೆನಾಡಲ್ಲಿ ಬಸ್ಸಿದ್ದರೆ ಸಾಕು.

ಟೇಪ್ ಅಂದ ತಕ್ಷಣ ಜನ ನಗುತ್ತಾರೆ. 2011ರ ಫೆಬ್ರವರಿಯಲ್ಲಿ ಒಂದು ಸಾಫ್ಟ್‌ವೇರ್ ತಪ್ಪಿನಿಂದ ಜಿಮೇಲ್‌ನ ಕೆಲವು ಬಳಕೆದಾರರ ಪತ್ರಗಳೆಲ್ಲ ಮಾಯವಾದಾಗ, ಗೂಗಲ್ ಅವನ್ನು ವಾಪಸ್ ತಂದಿದ್ದು ಟೇಪಿನಿಂದಲೇ. ನೂರಕ್ಕೆ 0.02ರಷ್ಟು ಜನ ಅಂತ ಅವರೇ ಹೇಳಿಕೊಂಡಿದ್ದರು. ಬೇರೆ ಬೇರೆ ಡೇಟಾ ಸೆಂಟರ್‌ಗಳಲ್ಲಿ ಇಟ್ಟಿದ್ದ ಪ್ರತಿಗಳನ್ನೆಲ್ಲ ಆ ತಪ್ಪು ಮುಟ್ಟಿತ್ತು. ಕಪಾಟಿನಲ್ಲಿದ್ದ ಟೇಪನ್ನು ಮುಟ್ಟಲು ಅದಕ್ಕೆ ಕೈ ಇರಲಿಲ್ಲ.

ಟ್ರಂಕು

ಹೋಗಿದ್ದು ನವೆಂಬರಿನಲ್ಲಿ. ಅಂಗಳದ ತುಂಬ ಅಡಿಕೆ ಹರವಿದ್ದರು. ಮನೆಯೆಲ್ಲ ಚೊಗರಿನ ವಾಸನೆ. ಅಕ್ಕ ಕಾಫಿ ಕೊಟ್ಟು ಅಟ್ಟ ತೋರಿಸಿದರು. "ಇದೆಂತ ಕ್ಯಾಸೆಟ್ಟೋ, ಹಾಡು ಬರ್ತದಾ?" ಅಂತ ಕೇಳಿದರು. ಕಬ್ಬಿಣದ ಟ್ರಂಕು. ಒಳಗೆ ಹಳೆಯ ರೇಷ್ಮೆ ಸೀರೆ, ಅದರ ಕೆಳಗೆ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಟೇಪುಗಳು, ಅವುಗಳ ನಡುವೆ ನುಸಿಗುಳಿಗೆ. ಎಣಿಸಿದೆ, ಹನ್ನೊಂದು. ಜೊತೆಗೆ ಇನ್ನೂರು ಪುಟದ ಒಂದು ನೋಟ್‌ಬುಕ್.

ನಿಜ ಹೇಳಬೇಕೆಂದರೆ, ಆ ದಿನ ಸಿಕ್ಕಿದ್ದರಲ್ಲಿ ಬೆಲೆಬಾಳುವುದು ಆ ನೋಟ್‌ಬುಕ್ಕೇ. ಪ್ರತಿ ಸಾಲಿನಲ್ಲೂ ದಿನಾಂಕ, ಟೇಪಿನ ನಂಬರು, ಯಾವ ಫೋಲ್ಡರ್ ಪೂರ್ತಿ, ಯಾವುದು ಬರೀ ಬದಲಾವಣೆ, ಎಲ್ಲ ಬಾಲ್ ಪೆನ್ನಿನಲ್ಲಿ ಬರೆದಿತ್ತು. ಕೊನೆಯ ಪುಟದಲ್ಲಿ ಸಾಫ್ಟ್‌ವೇರಿನ ಹೆಸರು, ಆವೃತ್ತಿ. ನೋಟ್‌ಬುಕ್ ಪ್ರಕಾರ ಟೇಪು ಹನ್ನೆರಡು. 2012ರ ಮಾರ್ಚ್ 12ರಿಂದ ಮೇ 28ರವರೆಗೆ, ವಾರಕ್ಕೊಂದು. ಹನ್ನೆರಡನ್ನೇ ಸುತ್ತಿ ಸುತ್ತಿ ಬರೆಯುತ್ತಿದ್ದುದರಿಂದ ಉಳಿದಿದ್ದು ಕೊನೆಯ ಮೂರು ತಿಂಗಳ ಸುತ್ತು ಮಾತ್ರ. ಪರವಾಗಿಲ್ಲ, ಪೂರ್ತಿ ಬ್ಯಾಕಪ್ಪಿನಲ್ಲಿ 2006ರ ಫೈಲುಗಳೂ ಇರುತ್ತವೆ. ಹನ್ನೆರಡನೆಯದು ಎಲ್ಲಿ ಅಂತ ಅಕ್ಕನಿಗೆ ಗೊತ್ತಿರಲಿಲ್ಲ. "ಬಂದಿದ್ದೆಲ್ಲ ಒಳಗೇ ಇಟ್ಟಿದ್ದೇನಪ್ಪ" ಅಂದರು.

ಆಗುಂಬೆ ಇರುವ ತಾಲ್ಲೂಕು ಇದು. ಹದಿಮೂರು ಮಳೆಗಾಲ ಅಟ್ಟದ ಮೇಲೆ ಕಳೆದ ಟೇಪು. ಇವು ಎಲ್‌ಟಿಒ, ಅಂದರೆ ಕಂಪ್ಯೂಟರ್ ಬ್ಯಾಕಪ್ಪಿಗೆ ಬಳಸುವ ಒಂದು ಜಾತಿಯ ಟೇಪು. ಅದನ್ನು ಬಹಳ ವರ್ಷ ಇಡುವುದಾದರೆ 16ರಿಂದ 25 ಡಿಗ್ರಿ ಉಷ್ಣತೆ, 20ರಿಂದ 50 ಪರ್ಸೆಂಟ್ ತೇವ ಇರಬೇಕು ಅನ್ನುತ್ತಾರೆ. ಹಾಗಿಟ್ಟರೆ 30 ವರ್ಷ ಬಾಳುತ್ತದೆ ಅನ್ನುವುದು ಲೆಕ್ಕ. ಇಲ್ಲಿ ಆ ಲೆಕ್ಕ ಎತ್ತುವುದೇ ಬೇಡ. ಒಂದೊಂದೇ ಡಬ್ಬಿ ತೆಗೆದು ಟಾರ್ಚ್ ಹಿಡಿದು ನೋಡಿದೆ. ಎಂಟು ಚೆನ್ನಾಗಿದ್ದವು. ಎರಡರ ಹೊರಗಿನ ಪ್ಲಾಸ್ಟಿಕ್ ಮೇಲೆ ಬಿಳಿ ಬೂಷ್ಟು. ಎಲ್ಲಕ್ಕಿಂತ ಮೇಲಿದ್ದ ಹನ್ನೊಂದನೆಯದರಲ್ಲಿ ಮಾತ್ರ ಬಾಗಿಲು ಸರಿಸಿದರೆ ಒಳಗೂ, ಸುತ್ತಿದ ಟೇಪಿನ ಅಂಚಿನಲ್ಲಿ ಹಿಟ್ಟು ಚಿಮುಕಿಸಿದ ಹಾಗೆ ಕಾಣುತ್ತಿತ್ತು.

"ಅಡಿಕೆ ಜೊತೆ ಬಿಸಿಲಿಗೆ ಇಡ್ಲಾ?" ಅಂತ ಅಕ್ಕ ಕೇಳಿದರು. ಬೇಡವೇ ಬೇಡ ಅಂದೆ.

ಒಣಗಿಸಿದ್ದು ಹೀಗೆ. ಗಾಳಿ ಹೋಗದ ದೊಡ್ಡ ಪ್ಲಾಸ್ಟಿಕ್ ಡಬ್ಬಿ, ತಳದಲ್ಲಿ ಸಿಲಿಕಾ ಜೆಲ್, ಮೇಲೆ ಜಾಲರಿ, ಅದರ ಮೇಲೆ ಟೇಪು, ಪಕ್ಕದಲ್ಲಿ ತೇವ ತೋರಿಸುವ ಸಣ್ಣ ಮೀಟರ್. ಬೂಷ್ಟು ಹಿಡಿದವನ್ನು ಬೇರೆ ಡಬ್ಬಿಗೆ ಹಾಕಿದೆ. ಮೊದಲ ದಿನ ಮೀಟರ್ 71 ತೋರಿಸಿತು. ಐದನೇ ದಿನ 38ಕ್ಕೆ ಇಳಿಯಿತು. ಅವಸರ ಮಾಡಲಿಲ್ಲ. ಚೆನ್ನಾಗಿರುವ ಟೇಪನ್ನೂ ಬೇರೆ ಹವೆಯಿಂದ ತಂದ ಮೇಲೆ ಒಂದು ದಿನ ಸುಮ್ನೆ ಬಿಡಬೇಕು. ಹೊರಗಿನ ಬೂಷ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಬಟ್ಟೆಯಲ್ಲಿ ಒರೆಸಿದೆ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು.

ಡ್ರೈವ್ ಹುಡುಕಿದ್ದು

ಟೇಪುಗಳು ಎಲ್‌ಟಿಒ-3, ಅಂದರೆ ಆ ಜಾತಿಯ ಮೂರನೇ ತಲೆಮಾರು. ಒಂದರಲ್ಲಿ 400 ಜಿಬಿ ಹಿಡಿಯುತ್ತದೆ. ಕೈಗಿಂತ ಚಿಕ್ಕ ಡಬ್ಬಿಯೊಳಗೆ ಅರ್ಧ ಇಂಚು ಅಗಲದ, 680 ಮೀಟರ್ ಉದ್ದದ ಟೇಪು. ಪತ್ರಿಕೆಯ ಕಚೇರಿಯಲ್ಲಿದ್ದ ಹಳೇ ಡ್ರೈವ್ ಕೆಟ್ಟು ವರ್ಷಗಳಾಗಿವೆ ಅಂತ ಹೇಳಿದ್ದರು. ಹಾಗಾಗಿ ಬೆಂಗಳೂರಿನಲ್ಲೇ ಒಂದು ಸೆಕೆಂಡ್ ಹ್ಯಾಂಡ್ ಹುಡುಕಬೇಕಿತ್ತು.

ಇಲ್ಲಿ ಎಡವುವವರು ಜಾಸ್ತಿ. ಹೊಸದಾದಷ್ಟೂ ಒಳ್ಳೇದು ಅಂದುಕೊಳ್ಳುತ್ತಾರೆ. ಎಲ್‌ಟಿಒ ಡ್ರೈವುಗಳು ತಮಗಿಂತ ಎರಡು ತಲೆಮಾರು ಹಿಂದಿನದನ್ನು ಓದುತ್ತವೆ, ಒಂದು ತಲೆಮಾರು ಹಿಂದಿನದಕ್ಕೆ ಬರೆಯುತ್ತವೆ. ಎಲ್‌ಟಿಒ-8ರಿಂದ ಆ ಸೌಲಭ್ಯವೂ ಕಡಿಮೆಯಾಯಿತು, ಅದು ಓದುವುದು ಒಂದು ತಲೆಮಾರು ಹಿಂದಿನದನ್ನು ಮಾತ್ರ. ಅಂದರೆ ನನಗೆ 3, 4 ಅಥವಾ 5 ಬೇಕು. ಎಸ್.ಪಿ. ರೋಡಿನ ಅಂಗಡಿಯವನು ಎಲ್‌ಟಿಒ-6 ತೋರಿಸಿ "ಇದು ಎಲ್ಲಾನೂ ಓದುತ್ತೆ ಸಾರ್" ಅಂದ. ಓದಲ್ಲ. ಪಕ್ಕದ ರ‍್ಯಾಕಿನಲ್ಲಿ ಧೂಳು ಹಿಡಿದಿದ್ದ ಎಲ್‌ಟಿಒ-5 ತೆಗೆಸಿದೆ. ಹೊರಗೆ ಇಟ್ಟುಕೊಳ್ಳುವ ಡಬ್ಬಿ, ಸರ್ವರ್ ಸಾಮಾನುಗಳಲ್ಲಿ ಬರುವ ಎಸ್‌ಎಎಸ್ ಕನೆಕ್ಷನ್. ಚೌಕಾಸಿ ಮಾಡಿ 18,000 ರೂಪಾಯಿ, ಜೊತೆಗೆ ಒಂದು ಕ್ಲೀನಿಂಗ್ ಕಾರ್ಟ್ರಿಜ್.

5ನ್ನೇ ಆರಿಸಿದ್ದಕ್ಕೆ ಇನ್ನೊಂದು ಕಾರಣ ಇತ್ತು. 5ರ ಡ್ರೈವ್ 3ರ ಟೇಪಿಗೆ ಬರೆಯಲಾರದು. ಓದಬಲ್ಲದು ಅಷ್ಟೇ. ನಡುರಾತ್ರಿ ನಿದ್ದೆಗಣ್ಣಲ್ಲಿ ನಾನು ತಪ್ಪು ಕಮಾಂಡ್ ಕೊಟ್ಟರೂ ಏನೂ ಅಳಿಯಲ್ಲ. ಆದರೂ ಹನ್ನೊಂದೂ ಟೇಪಿನ ಕೆಂಪು ಬೀಗದ ಗುಬುಟನ್ನು ಉಗುರಲ್ಲಿ ಸರಿಸಿ ಲಾಕ್ ಮಾಡಿಟ್ಟೆ. ಅಭ್ಯಾಸ.

ಕಂಪ್ಯೂಟರ್ ಹಳೇ ಡೆಸ್ಕ್‌ಟಾಪ್, ಅದರಲ್ಲಿ ಡೆಬಿಯನ್ ಲಿನಕ್ಸ್. ಮೊದಲು ಮನೆಯಲ್ಲಿದ್ದ ಒಂದು ರೇಯ್ಡ್ ಕಾರ್ಡಿಗೆ ಚುಚ್ಚಿದೆ. ಡ್ರೈವ್ ಕಾಣಿಸಲೇ ಇಲ್ಲ. ಇಂಥ ಕಾರ್ಡುಗಳಲ್ಲಿ ಹೆಚ್ಚಿನವು ಡಿಸ್ಕ್ ಬಿಟ್ಟು ಬೇರೆ ಯಾವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲ್ಲ. ಚುಚ್ಚಿದ್ದನ್ನು ಹಾಗೇ ಕಂಪ್ಯೂಟರಿಗೆ ತೋರಿಸುವ ಸಾದಾ ಎಚ್‌ಬಿಎ ಕಾರ್ಡ್, ಅದಕ್ಕೆ ಹೊಂದುವ ಎಸ್‌ಎಫ್‌ಎಫ್-8088 ಕೇಬಲ್ ತಂದು ಹಾಕಿದ ಮೇಲೆ ಪಟ್ಟಿಯಲ್ಲಿ "ಟೇಪ್" ಅಂತ ಸಾಲು ಬಂತು.

ಗೊತ್ತಿಲ್ಲದ ಡ್ರೈವಿಗೆ ಬೇರೆ ಪ್ರತಿ ಇಲ್ಲದ ಟೇಪನ್ನು ಯಾವತ್ತೂ ಮೊದಲೇ ಹಾಕಬಾರದು. ಅದು ತಿಂದುಬಿಟ್ಟರೆ? ಹಾಗಾಗಿ ಕ್ಲೀನಿಂಗ್ ಟೇಪ್ ಒಮ್ಮೆ ಓಡಿಸಿದೆ. ಅದು ಸುಮಾರು 50 ಸಲ ಬಳಸಲು ಬರುತ್ತದೆ, ಆಮೇಲೆ ಡ್ರೈವೇ ಬೇಡ ಅನ್ನುತ್ತದೆ. ನಂತರ ಒಂದು ಖಾಲಿ ಎಲ್‌ಟಿಒ-4 ಟೇಪ್ ಹಾಕಿ 50 ಜಿಬಿ ಬರೆದೆ, ಓದಿದೆ, ಚೆಕ್‌ಸಮ್ (ಡೇಟಾ ತುಸು ಬದಲಾದರೂ ಬೇರೆಯಾಗುವ ಗುರುತಿನ ಸಂಖ್ಯೆ) ಹೋಲಿಸಿದೆ. ಸರಿ ಬಂತು. ಆ ರಾತ್ರಿ ಅಷ್ಟಕ್ಕೇ ನಿಲ್ಲಿಸಿದೆ.

ನಾಲ್ಕನೇ ಟೇಪಿನ ಪಿನ್ನು

ಒಣಗಿದ ಟೇಪುಗಳನ್ನು ಹಾಕುವ ಮೊದಲು ಒಂದೊಂದರ ಬಾಗಿಲನ್ನೂ ಬೆರಳಲ್ಲಿ ಸರಿಸಿ ಒಳಗೆ ನೋಡಿದೆ. ಎಲ್‌ಟಿಒ ಡಬ್ಬಿಯಲ್ಲಿ ಸುರುಳಿ ಒಂದೇ. ಟೇಪಿನ ತುದಿಗೆ ಒಂದು ಸಣ್ಣ ಲೋಹದ ಪಿನ್ನು. ಡ್ರೈವ್ ಆ ಪಿನ್ನನ್ನು ಕೊಕ್ಕೆಯಲ್ಲಿ ಹಿಡಿದು, ಒಳಗೆ ಎಳೆದು, ತನ್ನ ಸುರುಳಿಗೆ ಸುತ್ತಿಕೊಳ್ಳುತ್ತದೆ. ಪಿನ್ನು ಬಾಗಿಲ ಬಳಿ ಎರಡು ಸ್ಪ್ರಿಂಗ್ ಕ್ಲಿಪ್ಪುಗಳ ನಡುವೆ ನೆಟ್ಟಗೆ ನಿಂತಿರಬೇಕು.

ನಾಲ್ಕನೆಯದರಲ್ಲಿ ಪಿನ್ನು ಓರೆಯಾಗಿ ಬಿದ್ದಿತ್ತು. ಒಂದು ತುದಿ ಕ್ಲಿಪ್ಪಿನಲ್ಲಿ, ಇನ್ನೊಂದು ತುದಿ ಒಳಗೆ ಜಾರಿ ಟೇಪಿಗೆ ಒರಗಿತ್ತು. ಇದು ಬಿದ್ದ ಟೇಪಿನ ಲಕ್ಷಣ. ಯಾವುದೋ ಮಂಗಳವಾರ ಮಂಡಗದ್ದೆ ತಿರುವಿನಲ್ಲಿ ಬಸ್ಸಿನ ಡ್ಯಾಶ್‌ಬೋರ್ಡ್ ಮೇಲಿಂದ ಉರುಳಿರಬೇಕು. ಹಾಗೇ ಹಾಕಿದ್ದರೆ ಡ್ರೈವಿನ ಕೊಕ್ಕೆ ಗಾಳಿಗೆ ಕೈ ಹಾಕಿ ವಾಪಸ್ ಬರುತ್ತಿತ್ತು. ಅದೃಷ್ಟ ಕೆಟ್ಟಿದ್ದರೆ ಅರ್ಧ ಹಿಡಿದು ಟೇಪ್ ಮಡಚುತ್ತಿತ್ತು.

ಸರಿ ಮಾಡಲು ಹತ್ತು ನಿಮಿಷ ಬೇಕಾಯಿತು, ಧೈರ್ಯ ಮಾಡಲು ಅರ್ಧ ಗಂಟೆ. ತುದಿ ಮೊಂಡಾದ ಪ್ಲಾಸ್ಟಿಕ್ ಚಿಮಟ, ಕೈಗೆ ಗ್ಲೌಸು. ಎಡಗೈ ಹೆಬ್ಬೆರಳಲ್ಲಿ ಬಾಗಿಲು ತೆರೆದು ಹಿಡಿದು, ಪಿನ್ನಿನ ಜಾರಿದ ತುದಿಯನ್ನು ಮೆಲ್ಲಗೆ ಎತ್ತಿ, ಮೊದಲು ಕೆಳಗಿನ ಕ್ಲಿಪ್ಪಿಗೆ ಒತ್ತಿದೆ. "ಟಿಕ್". ಆಮೇಲೆ ಮೇಲಿನದು. ಒಂದು ಗೇಣು ಟೇಪ್ ಸಡಿಲವಾಗಿ ಹೊರಗೆ ಬಂದಿತ್ತು. ಡಬ್ಬಿಯ ಅಡಿಯಲ್ಲಿ ಹಲ್ಲಿರುವ ಗುಂಬ ಕಾಣುತ್ತದಲ್ಲ, ಸುರುಳಿ ತಿರುಗುವುದು ಅಲ್ಲೇ. ಅದರ ಬ್ರೇಕ್ ಒತ್ತಿ ಹಿಡಿದು ಸ್ವಲ್ಪವೇ ತಿರುಗಿಸಿ, ಸಡಿಲ ಹೋಗುವಷ್ಟು ಮಾತ್ರ ಬಿಗಿ ಮಾಡಿದೆ. ಟೇಪಿನ ಮೈಗೆ ಬೆರಳು ತಾಗಲಿಲ್ಲ. ಉಸಿರು ತಾಗಿರಬಹುದು.

ಡ್ರೈವಿಗೆ ಹಾಕಿದೆ. ಒಳಗೆ ಎಳೆದುಕೊಂಡಿತು, ಗುಂಯ್ ಅಂತ ಸದ್ದು, ಹಸಿರು ದೀಪ ಮಿನುಗಿ ನಿಂತಿತು. ಸ್ಟೇಟಸ್ ಕೇಳಿದರೆ ಡೆನ್ಸಿಟಿ ಕೋಡ್ 44, ಅಂದರೆ ಎಲ್‌ಟಿಒ-3. ಎದ್ದು ಹೋಗಿ ಒಂದು ಲೋಟ ನೀರು ಕುಡಿದೆ.

ಮೊದಲ ಬ್ಲಾಕ್

ಓದಲು ಶುರು ಮಾಡಿದ್ದು ಒಂದನೇ ಟೇಪಿನಿಂದ. ಚೊಕ್ಕಟವಾಗಿರುವುದು ಮೊದಲು, ಬೂಷ್ಟಿನವು ಕೊನೆಗೆ. ಬೂಷ್ಟು ಡ್ರೈವಿನ ಹೆಡ್ಡಿಗೆ ಮೆತ್ತಿಕೊಂಡರೆ ಉಳಿದವೂ ಹಾಳು.

ನೋಟ್‌ಬುಕ್ಕನ್ನು ಸರಿಯಾಗಿ ಓದದೆ, ಸುಮ್ನೆ ಟಾರ್ (ಹಲವು ಫೈಲುಗಳನ್ನು ಒಂದೇ ಗಂಟಾಗಿ ಕಟ್ಟುವ, ಬಿಚ್ಚುವ ಸಾಧನ) ಇರಬಹುದು ಅಂತ ಟಾರ್ ಕಮಾಂಡ್ ಕೊಟ್ಟೆ. "ಮೆಮೊರಿ ಸಾಲದು" ಅಂತ ಉತ್ತರ. 16 ಜಿಬಿ ರ‍್ಯಾಮ್ ಇದೆ, ಎಂಥ ಸಾಲದು? ಇದು ಟೇಪ್ ಲೋಕದ ಹಳೇ ಗೊಂದಲ. ಟೇಪಿನಲ್ಲಿ ಡೇಟಾ ಮೂಟೆ ಮೂಟೆಯಾಗಿ ಇರುತ್ತದೆ, ಬ್ಲಾಕ್ ಅಂತಾರೆ. ಒಂದು ಮೂಟೆಯನ್ನು ಒಂದೇ ಸಲಕ್ಕೆ ಎತ್ತಬೇಕು. ಟಾರ್ ತಾನಾಗಿ ತರುವ ಚೀಲ 10,240 ಬೈಟಿನದು. ಮೂಟೆ ಅದಕ್ಕಿಂತ ದೊಡ್ಡದು. ಚೀಲ ಸಾಲದು ಅನ್ನುವುದನ್ನೇ ಲಿನಕ್ಸ್ ಮೆಮೊರಿ ಸಾಲದು ಅಂತ ಹೇಳುತ್ತದೆ. ಇದನ್ನು ನೋಡಿ ಟೇಪ್ ಕೆಟ್ಟಿದೆ ಅಂತ ಎಸೆದವರೂ ಇದ್ದಾರೆ.

ಮೂಟೆ ಎಷ್ಟು ದೊಡ್ಡದು ಅಂತ ತಿಳಿಯುವುದು ಸುಲಭ. ಡೇಟಾವನ್ನು ಇದ್ದ ಹಾಗೇ ನಕಲು ಮಾಡುವ ಡಿಡಿ ಕಮಾಂಡಿಗೆ ದೊಡ್ಡ ಚೀಲ ಕೊಟ್ಟು, ಒಂದೇ ಬ್ಲಾಕ್ ಓದು ಅನ್ನಿ. ನಾನು 1 ಎಂಬಿ ಕೊಟ್ಟೆ. ಓದಿದ್ದು 32,768 ಬೈಟ್ ಅಂತ ಬಂತು. 32 ಕೆಬಿ. ಆ ಫೈಲನ್ನು ತೆರೆದರೆ ಮೊದಲ ಸಾಲಲ್ಲೇ ಇಂಗ್ಲಿಷಿನಲ್ಲಿ: ಅಮಾಂಡಾ, ಟೇಪ್‌ಸ್ಟಾರ್ಟ್, ದಿನಾಂಕ 20120312, ಟೇಪ್ ವಾರ-01.

ಅಮಾಂಡಾ! ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಮುಕ್ತ ಬ್ಯಾಕಪ್ ಸಾಫ್ಟ್‌ವೇರ್. ನೋಟ್‌ಬುಕ್ಕಿನ ಕೊನೇ ಪುಟದಲ್ಲೂ ಅದೇ ಹೆಸರಿತ್ತು, ನನಗೆ ಓದುವ ತಾಳ್ಮೆ ಇರಲಿಲ್ಲ ಅಷ್ಟೇ. ಅಮಾಂಡಾ ಬರೆದ ಟೇಪು ಓದಲು ಅಮಾಂಡಾ ಬೇಕಿಲ್ಲ, ಅದೇ ಅದರ ದೊಡ್ಡ ಗುಣ. ಪ್ರತಿ ಫೈಲಿನ ಮೊದಲ 32 ಕೆಬಿಯಲ್ಲಿ ಸಾದಾ ಅಕ್ಷರದಲ್ಲಿ ಬರೆದಿರುತ್ತದೆ: ಇದು ಯಾವ ಯಂತ್ರದ ಯಾವ ಫೋಲ್ಡರು, ಪೂರ್ತಿಯೋ ಬದಲಾವಣೆಯೋ. ಅದರ ಕೆಳಗೆ "ವಾಪಸ್ ಪಡೆಯಲು ಟೇಪನ್ನು ಈ ಫೈಲಿನ ತುದಿಗೆ ತಂದು ಈ ಕಮಾಂಡ್ ಕೊಡಿ" ಅಂತ ಪೂರ್ತಿ ಸಾಲು. ಡಿಡಿ, ಫೈಲು ಕುಗ್ಗಿಸುವ ಜಿಜಿಪ್, ಟಾರ್. ಯಾವ ಲಿನಕ್ಸ್‌ನಲ್ಲೂ ಇರುವ ಸಾಮಾನು. ಉಪ್ಪಿನಕಾಯಿ ಭರಣಿಯ ಮೇಲೇ ಮಾಡುವ ಕ್ರಮ ಬರೆದಿಟ್ಟ ಹಾಗೆ. ಗುತ್ತಿಗೆ ಮುಗಿದ, ಲೈಸೆನ್ಸ್ ಸತ್ತ ಸಾಫ್ಟ್‌ವೇರಿನ ಟೇಪುಗಳ ಜೊತೆ ನಾನು ವಾರಗಟ್ಟಲೆ ಒದ್ದಾಡಿದ್ದೇನೆ. ಆ ಹುಡುಗನಿಗೆ ಮನಸ್ಸಲ್ಲೇ ಕೈ ಮುಗಿದೆ. ಎಲ್‌ಟಿಒ-3 ಡ್ರೈವಿನಲ್ಲಿ ಎನ್‌ಕ್ರಿಪ್ಷನ್ ಇರಲಿಲ್ಲ, ಅದು ಬಂದಿದ್ದು 4ರಲ್ಲಿ. ಪಾಸ್‌ವರ್ಡ್ ಮರೆತ ಕಥೆಯೂ ಇಲ್ಲ.

ಇಷ್ಟಾದ ಮೇಲೆ ಒಂದು ಪೆದ್ದು ಕೆಲಸ ಮಾಡಿದೆ. ಒಂದನೇ ಫೈಲು ಓದಿದೆ, ಎರಡನೆಯದು ಓದಿದೆ, ಮೂರನೆಯದೂ ಓದಿದೆ. ಮೂರರಲ್ಲೂ ಅದೇ ತಲೆಬರಹ. ಎರಡು ನಿಮಿಷ ಪರದೆಯನ್ನೇ ನೋಡುತ್ತ ಕೂತೆ. ಲಿನಕ್ಸ್‌ನಲ್ಲಿ ಒಂದೇ ಡ್ರೈವಿಗೆ ಎರಡು ಹೆಸರು: ಎಸ್‌ಟಿ0, ಎನ್‌ಎಸ್‌ಟಿ0. ಮೊದಲನೆಯದನ್ನು ಬಳಸಿದರೆ ಕೆಲಸ ಮುಗಿದ ತಕ್ಷಣ ಟೇಪು ತಾನಾಗಿ ಮೊದಲಿಗೆ ಸುತ್ತಿಕೊಳ್ಳುತ್ತದೆ. ಎನ್ ಇದ್ದರೆ ನಿಂತಲ್ಲೇ ನಿಲ್ಲುತ್ತದೆ. ಹದಿನೈದು ವರ್ಷದಿಂದ ಗೊತ್ತಿರುವ ವಿಷಯ. ಬೆರಳು ಎನ್ ಒತ್ತಲು ಮರೆತಿತ್ತು.

ಓದುವ ಸದ್ದು

ನೇರ ಟೇಪಿನಿಂದ ಬಿಚ್ಚಲು ಹೋಗಲಿಲ್ಲ. ಟೇಪು ಎಷ್ಟು ಕಡಿಮೆ ಸಲ ಓಡಿದರೆ ಅಷ್ಟು ಒಳ್ಳೇದು. ಮೊದಲು ಪ್ರತಿ ಫೈಲನ್ನೂ ಇದ್ದ ಹಾಗೆ ಡಿಸ್ಕಿಗೆ ಇಳಿಸಿಕೊಳ್ಳುವುದು, ಚೆಕ್‌ಸಮ್ ಬರೆದಿಡುವುದು, ಟೇಪನ್ನು ಡಬ್ಬಿಗೆ ವಾಪಸ್ ಹಾಕುವುದು. ಬಿಚ್ಚುವುದೆಲ್ಲ ಆಮೇಲೆ. ಸಣ್ಣ ಸ್ಕ್ರಿಪ್ಟ್: ಡಿಡಿ ಓಡಿಸು, ಫೈಲಿಗೆ ನಂಬರ್ ಹಾಕು, ಸೊನ್ನೆ ಬೈಟ್ ಬಂದರೆ ನಿಲ್ಲು.

ಮೊದಲು ಒಂದು ಯುಎಸ್‌ಬಿ 2 ಡಿಸ್ಕಿಗೆ ಇಳಿಸಲು ಹೋದೆ. ಸೆಕೆಂಡಿಗೆ ಹೆಚ್ಚೆಂದರೆ 30 ಎಂಬಿ ನುಂಗುವ ಡಿಸ್ಕು. ಎಲ್‌ಟಿಒ-3 ಟೇಪು ಕೊಡುವುದು 80. ಡಿಸ್ಕು ನುಂಗಲಾರದೆ ಕಾಯಿಸಿದಾಗ ಟೇಪು ನಿಲ್ಲಬೇಕು. ಓಡುವ ಟೇಪು ತಟ್ಟನೆ ನಿಲ್ಲಲ್ಲ. ಮುಂದೆ ಹೋಗಿ, ನಿಂತು, ಹಿಂದೆ ಸುತ್ತಿ, ಮತ್ತೆ ಓಡಿ ಆ ಜಾಗಕ್ಕೆ ಬರುತ್ತದೆ. "ಝುಂಯ್... ಟಕ್... ಝುಂಯ್... ಟಕ್." ಇದಕ್ಕೆ ಶೂ ಶೈನಿಂಗ್ ಅಂತ ಹೆಸರು, ಬೂಟಿಗೆ ಬಟ್ಟೆಯಲ್ಲಿ ಪಾಲಿಶ್ ಎಳೆದ ಹಾಗೆ. ಹಳೇ ಟೇಪಿಗೆ ಇದಕ್ಕಿಂತ ಹಿಂಸೆ ಬೇರೆ ಇಲ್ಲ. ಎರಡು ನಿಮಿಷ ಕೇಳಿ ನಿಲ್ಲಿಸಿಬಿಟ್ಟೆ. ಒಳಗೇ ಸಾಟಾ ಡಿಸ್ಕ್ ಹಾಕಿ, ನಡುವೆ ಡೇಟಾವನ್ನು ತುಸು ಹೊತ್ತು ತುಂಬಿಟ್ಟುಕೊಳ್ಳುವ ಎಂಬಫರ್ ಇಟ್ಟು 4 ಜಿಬಿ ಜಾಗ ಕೊಟ್ಟೆ. ಆಮೇಲೆ ಸದ್ದು ಒಂದೇ ಶ್ರುತಿ. ಆಗಾಗ ಒಂದು ಸಣ್ಣ ತಡೆ, ಮತ್ತೆ ಅದೇ ಶ್ರುತಿ. ಅದು ಟೇಪಿನ ತುದಿ ಮುಟ್ಟಿ ದಿಕ್ಕು ಬದಲಿಸುವುದು. ಎಲ್‌ಟಿಒ-3 ತುಂಬಿದ ಟೇಪನ್ನು ಪೂರ್ತಿ ಓದಬೇಕಾದರೆ ಆ ಕಡೆ ಈ ಕಡೆ 44 ಸಲ ಓಡಬೇಕು. ನಮ್ಮ ಟೇಪುಗಳು ಕಾಲು ಭಾಗ ತುಂಬಿದ್ದವು, ಒಂದೊಂದಕ್ಕೆ ಇಪ್ಪತ್ತು, ಇಪ್ಪತ್ತೈದು ನಿಮಿಷ. ಒಂದರಿಂದ ಹತ್ತರವರೆಗೆ ಒಂದು ಭಾನುವಾರದಲ್ಲಿ ಮುಗಿಯಿತು, ನಾಲ್ಕನೆಯದೂ ಸೇರಿ. ಒಂದೂ ತಪ್ಪಿಲ್ಲ. ಹದಿಮೂರು ಮಳೆಗಾಲ!

ಹನ್ನೊಂದನೆಯದು

ಇದು ಮೇ 21ರದ್ದು, ಬೂಷ್ಟಿನ ಟೇಪು. ನೋಟ್‌ಬುಕ್ ಪ್ರಕಾರ "ಫೋಟೊ" ಫೋಲ್ಡರಿನ ಕೊನೆಯ ಪೂರ್ತಿ ಬ್ಯಾಕಪ್ ಇದರಲ್ಲೇ ಇತ್ತು. ಅಮಾಂಡಾ ಎಲ್ಲ ಫೋಲ್ಡರನ್ನೂ ಒಂದೇ ದಿನ ಪೂರ್ತಿ ತೆಗೆಯಲ್ಲ, ಹಂಚಿಕೊಳ್ಳುತ್ತದೆ. ಈ ವಾರ ಫೋಟೊ ಪೂರ್ತಿ, ಪುಟ ಬರೀ ಬದಲಾವಣೆ. ಇನ್ನೊಂದು ವಾರ ಉಲ್ಟಾ. ಫೋಟೊ ಪೂರ್ತಿ ಇದ್ದದ್ದು 3, 7, 11ರಲ್ಲಿ.

ಟೇಪಿನ ಅಂಚಿನ ಬಿಳಿ ಪುಡಿಯನ್ನು ಮೆತ್ತನೆ ಬ್ರಷ್ ಮತ್ತು ಸಣ್ಣ ವ್ಯಾಕ್ಯೂಮಿನಲ್ಲಿ ಬಾಗಿಲಿನ ಮೂಲಕ ಎಷ್ಟು ಸಿಗುತ್ತದೋ ಅಷ್ಟು ತೆಗೆದೆ. ಡಬ್ಬಿ ಬಿಚ್ಚಲಿಲ್ಲ. ರಿಟೆನ್ಷನ್ ಕಮಾಂಡ್ ಕೊಟ್ಟು ಈ ತುದಿಯಿಂದ ಆ ತುದಿಗೆ ಒಮ್ಮೆ ಸುತ್ತಿಸಿ ವಾಪಸ್ ತಂದೆ. ಅಂಟಿಕೊಂಡ ಪದರ ಇದ್ದರೆ ಬಿಡಲಿ ಅಂತ. ತಕ್ಷಣ ಕ್ಲೀನಿಂಗ್ ದೀಪ ಹತ್ತಿತು. ಕ್ಲೀನಿಂಗ್ ಟೇಪು, ಮತ್ತೆ ಇದು. ಮೊದಲ ಆರು ಫೈಲು ಸಲೀಸಾಗಿ ಬಂದವು. ಏಳನೆಯದು ಫೋಟೊ. 31 ಜಿಬಿ ಬಂದು ನಿಂತಿತು. ಇನ್‌ಪುಟ್ ಔಟ್‌ಪುಟ್ ಎರರ್. ಕ್ಲೀನ್ ಮಾಡಿ ಮತ್ತೆ ಓದಿದೆ, 31.2. ಇನ್ನೊಂದು ಸಲ, 31.2. ಹಟ ಮಾಡಲಿಲ್ಲ. ಡಿಸ್ಕಿಗಾದರೆ ಡಿಡಿರೆಸ್ಕ್ಯೂ ಇದೆ, ಕೆಟ್ಟ ಜಾಗ ಹಾರಿಸಿ ಮುಂದೆ ಹೋಗುತ್ತದೆ. ಟೇಪಿನಲ್ಲಿ ಹಾಗೆ ಬೇಕೆಂದಲ್ಲಿ ಜಿಗಿಯಲು ಬರಲ್ಲ. ಬ್ಲಾಕಿನ ಲೆಕ್ಕದಲ್ಲಿ ಮುಂದೆ ತಳ್ಳಿ ನೋಡಿದೆ, ಸಾವಿರ ಬ್ಲಾಕ್ ದಾಟಿದ ಮೇಲೆ ಮತ್ತೆ ಓದಿತು, ಇನ್ನೊಂದು 9 ಜಿಬಿ ಸಿಕ್ಕಿತು.

ಆದರೆ ಅದು ಜಿಜಿಪ್ ಮಾಡಿದ್ದು. ಜಿಜಿಪ್ ಒಂದು ಜಡೆಯ ಹಾಗೆ, ನಡುವೆ ಕತ್ತರಿಸಿದರೆ ಮುಂದಿನದು ಬಿಚ್ಚಲು ಬರಲ್ಲ. ಹರಿದ ಜಿಜಿಪ್ ಕೂಡಿಸಲು ಜಿಜಿರಿಕವರ್ ಅಂತ ಸಣ್ಣ ಸಾಧನ ಇದೆ. ಅದು ಕೊಟ್ಟ ತುಂಡನ್ನು ಟಾರ್ ಒಪ್ಪದಿದ್ದರೂ ಅಂಥದೇ ಇನ್ನೊಂದು ಸಾಧನ ಸಿಪಿಐಒ ಒಪ್ಪುತ್ತದೆ, ನಡುವೆ ಕಸ ಇದ್ದರೆ ದಾಟಿ ಮುಂದಿನ ಫೈಲಿನ ತಲೆ ಹುಡುಕುತ್ತದೆ. ಹೀಗೆ ಹರಿದ ತುದಿಯ ಆಚೆಯಿಂದ 212 ಸ್ಕ್ಯಾನ್ ಸಿಕ್ಕವು, ಹದಿನಾಲ್ಕು ಅರ್ಧ ಬೂದು ಬಣ್ಣದವು.

ಉಳಿದದ್ದಕ್ಕೆ ಹಳೆಯ ದಾರಿ. ಏಳನೇ ಟೇಪಿನ ಪೂರ್ತಿ ಬ್ಯಾಕಪ್, ಅದರ ಮೇಲೆ ಹತ್ತನೇ ಟೇಪಿನ ಬದಲಾವಣೆ. ಬದಲಾವಣೆ ಅಂದರೆ ಹಿಂದಿನ ಪೂರ್ತಿ ಬ್ಯಾಕಪ್ ಆದ ಮೇಲೆ ಆಗಿದ್ದೆಲ್ಲ, ಹಾಗಾಗಿ ನಡುವಿನ 8, 9 ಬೇಡ. ಅಲ್ಲಿಗೆ ಮೇ 14ರವರೆಗಿನ ಫೋಟೊ ಎಲ್ಲ ಕೈಗೆ ಬಂದಂತೆ. ಮೇ 14ರಿಂದ 21ರ ನಡುವಿನದಕ್ಕೆ ಮಾತ್ರ ಹನ್ನೊಂದನೆಯದೇ ಗತಿ.

ಇಲ್ಲೇ ನನ್ನ ಎರಡನೇ ಪೆದ್ದು ಕೆಲಸ. ಹನ್ನೊಂದನೆಯದರಿಂದ ಹೆಕ್ಕಿದ ಹೊಸ ಸ್ಕ್ಯಾನುಗಳನ್ನು ಖುಷಿಯಲ್ಲಿ ಅದೇ ಫೋಲ್ಡರಿಗೆ ಹಾಕಿಬಿಟ್ಟಿದ್ದೆ. ಆಮೇಲೆ ಹತ್ತನೆಯದರ ಬದಲಾವಣೆಯನ್ನು ತಲೆಬರಹದಲ್ಲಿ ಬರೆದಿದ್ದ ಕಮಾಂಡಿನಂತೆಯೇ ಬಿಚ್ಚಿದೆ. ಅದರಲ್ಲಿ ಟಾರ್‌ಗೆ ದೊಡ್ಡ ಜಿ ಅಕ್ಷರದ ಆಯ್ಕೆ ಇರುತ್ತದೆ. ಅದರ ಅರ್ಥ "ಆ ದಿನ ಫೋಲ್ಡರ್ ಹೇಗಿತ್ತೋ ಹಾಗೇ ಮಾಡು". ಆ ದಿನ ಇಲ್ಲದ ಫೈಲು ಅಲ್ಲಿದ್ದರೆ ಅಳಿಸಿಹಾಕುತ್ತದೆ. ಮೇ 14ರಂದು ನನ್ನ ಸ್ಕ್ಯಾನುಗಳು ಇರಲಿಲ್ಲ. ಟಾರ್ ಒಂದೂ ಬಿಡದೆ ಗುಡಿಸಿತು. ಟೇಪಿನಿಂದ ಇಳಿಸಿಕೊಂಡ ಪ್ರತಿ ಡಿಸ್ಕಿನಲ್ಲಿ ಇದ್ದಿದ್ದಕ್ಕೆ ಎರಡು ಗಂಟೆಯ ಕೆಲಸ ಹೋಯ್ತು, ಅಷ್ಟೇ. ಆ ಬೂಷ್ಟಿನ ಟೇಪನ್ನು ಮತ್ತೆ ಓಡಿಸಬೇಕಾಗಿದ್ದರೆ ಆ ಫೋಟೊಗಳ ಆಸೆ ಬಿಡಬೇಕಿತ್ತು. ಈಗ ಹೆಕ್ಕಿದ್ದಕ್ಕೆ ಬೇರೆಯದೇ ಫೋಲ್ಡರ್.

ಅಕ್ಷರಗಳು

ಫೈಲು ಬಂದವು. ಓದಲು? ಪುಟಗಳೆಲ್ಲ ಪುಟ ಕಟ್ಟುವ ಹಳೇ ಸಾಫ್ಟ್‌ವೇರ್ ಪೇಜ್‌ಮೇಕರಿನವು. ಬರಹಗಳು ಯೂನಿಕೋಡ್ ಅಲ್ಲದ ಹಳೇ ನುಡಿ ಫಾಂಟಿನಲ್ಲಿ. ತೆರೆದರೆ ರೋಮನ್ ಅಕ್ಷರಗಳ ತಲೆ ಮೇಲೆ ಟೊಪ್ಪಿ, ಬಾಲ, ಚುಕ್ಕಿ ಇಟ್ಟ ಸಂತೆ. ಪುಣ್ಯಕ್ಕೆ ಆ ಹುಡುಗ ವಿಂಡೋಸಿನ ಫಾಂಟ್ ಫೋಲ್ಡರನ್ನೂ ಟೇಪಿಗೆ ಹಾಕುತ್ತಿದ್ದ. ಫಾಂಟ್ ಹಾಕಿದ ತಕ್ಷಣ ಸಂತೆ ಹೋಗಿ ಕನ್ನಡ ಬಂತು. ಪೇಜ್‌ಮೇಕರ್ ಪುಟಗಳನ್ನು ಇನ್‌ಡಿಸೈನ್ ಸಿಎಸ್6ರವರೆಗಿನ ಆವೃತ್ತಿಗಳು ತೆರೆಯುತ್ತವೆ, ಅದರ ನಂತರದವು ಇಲ್ಲ. ಕಚೇರಿಯ ಮೂಲೆಯಲ್ಲಿ ಒಂದು ಹಳೇ ಸಿಎಸ್6 ಇನ್ನೂ ಉಸಿರಾಡುತ್ತಿತ್ತು.

ಬರಹವನ್ನು ಯೂನಿಕೋಡಿಗೆ ತಿರುಗಿಸುವಾಗ ಮಾತ್ರ ಒಂದು ಕಡೆ ಕಣ್ಣಿಟ್ಟಿರಬೇಕು, ಅರ್ಕಾವೊತ್ತು. ಹಳೇ ಫಾಂಟಿನಲ್ಲಿ ಅದು ಕಣ್ಣಿಗೆ ಕಾಣುವ ಜಾಗದಲ್ಲೇ, ಅಂದರೆ ಅಕ್ಷರ ಮುಗಿದ ಮೇಲೆ ಕೂತಿರುತ್ತದೆ. ಯೂನಿಕೋಡಿನಲ್ಲಿ ರ ಮೊದಲು ಬರಬೇಕು. ನಾನು ಬಳಸಿದ ಮೊದಲ ಪರಿವರ್ತಕ ಇದನ್ನು ಮರೆತು "ಸೂರ್ಯ"ನನ್ನು "ಸೂಯರ್" ಮಾಡಿತು, "ಕಾರ್ಯ"ವನ್ನು "ಕಾಯರ್". ಸಂಪಾದಕರು ಓದಿ, "ಇವನ್ಯಾರಪ್ಪ ಸೂಯರ್, ಜರ್ಮನಿಯವನಾ?" ಅಂದರು. ಎರಡನೇ ಪರಿವರ್ತಕ ಸರಿ ಮಾಡಿತು.

ಈಗ ಎಲ್ಲ ಎರಡು ಡಿಸ್ಕಿನಲ್ಲಿದೆ. ಒಂದು ಕಚೇರಿಯಲ್ಲಿ, ಒಂದು ನನ್ನ ಹತ್ತಿರ. ಮೂರನೇ ಪ್ರತಿಯನ್ನು ಹೊಸ ಎಲ್‌ಟಿಒ-5 ಟೇಪಿಗೆ ಬರೆದೆ, ಒಳಗೆ ಒಂದು ಹಾಳೆಯಲ್ಲಿ ಬ್ಲಾಕ್ ಸೈಜ್, ಕಮಾಂಡ್, ದಿನಾಂಕ. ಈ ಟೇಪು ಎಲ್ಲಿಗೆ ಅಂತ ಕೇಳಿದಾಗ ಸಂಪಾದಕರು ಅಕ್ಕನಿಗೇ ಫೋನ್ ಮಾಡಿದರು. ಈ ಸಲ ಅಟ್ಟ ಬೇಡ, ಮಲಗುವ ಕೋಣೆಯ ಬೀರು, ಗಾಳಿಯಾಡದ ಡಬ್ಬಿ ಅಂತ ನಾನು ಕರಾರು ಹಾಕಿದೆ. "ಟ್ರಂಕು ಖಾಲಿ ಆಯ್ತಲ್ಲ, ನಂಗದು ಬೇಕಿತ್ತು" ಅಂದರಂತೆ ಅಕ್ಕ.

ಕೆಲಸ ಮುಗಿಸಿ ಹೊರಡುವ ದಿನ ಕಚೇರಿಯ ಸ್ಟೋರ್ ರೂಮಿನಲ್ಲಿ ಆ ಹಳೇ ಸರ್ವರ್ ಕಣ್ಣಿಗೆ ಬಿತ್ತು. ಮೇಲೆ ಹಳೇ ಫ್ಲೆಕ್ಸ್ ಬ್ಯಾನರ್ ಹೊದಿಸಿದ್ದರು. ಕೆಟ್ಟುಹೋದ ಟೇಪ್ ಡ್ರೈವ್ ಅದರ ಒಳಗೇ ಇತ್ತು. ಸುಮ್ನೆ ಅಂತ ಪವರ್ ಕೊಟ್ಟೆ. ಸರ್ವರ್ ಏಳಲಿಲ್ಲ, ಆದರೆ ಡ್ರೈವಿನ ದೀಪ ಕಿತ್ತಳೆ ಬಣ್ಣಕ್ಕೆ ಹತ್ತಿತು. ಎಜೆಕ್ಟ್ ಗುಂಡಿಯನ್ನು ಒತ್ತಿ ಹಿಡಿದೆ. ಏನೂ ಆಗಲಿಲ್ಲ. ಚಹಾ ಕುಡಿದು ಬಂದೆ. ಒಳಗೆ ಏನೋ ಮೆಲ್ಲಗೆ ಸುತ್ತಿಕೊಳ್ಳುತ್ತಿತ್ತು. ಇನ್ನೂ ಕೆಲವು ನಿಮಿಷ ಆದ ಮೇಲೆ ಬಾಗಿಲು ತೆರೆದು ಹನ್ನೆರಡನೇ ಟೇಪು ಅರ್ಧ ಹೊರಗೆ ಬಂತು.

ಮೇ 28ರದ್ದು. ಲೆಕ್ಕದ ಪ್ರಕಾರ ಇದರಲ್ಲಿ ಫೋಟೊಗಳ ಬದಲಾವಣೆ ಮಾತ್ರ ಇದೆ, ಅದೂ ಮೇ 21ರ ನಂತರದ್ದು. ಹನ್ನೊಂದನೆಯದರಲ್ಲಿ ಹೋದದ್ದು ಇದರಲ್ಲೂ ಸಿಗಲ್ಲ. ಲೇಬಲ್ಲಿನ ಮೇಲೆ ಅದೇ ಬಾಲ್ ಪೆನ್ನಿನ ಅಕ್ಷರ: "ವಾರ-12. ನಾಳೆ ಬೆಳಿಗ್ಗೆ ಬಸ್ಸಿಗೆ."